ನೆಲನೆಲ್ಲಿ ಕುಡಿದು ಕಾಮಾಲೆ ಹೋದರೆ ಅದು ಪುರಾವೆ ಅಲ್ಲವೇ?

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ಕಳೆದ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಕಾಮಾಲೆಯಾಗಿ ಕಣ್ಣು, ಉಗುರೆಲ್ಲ ಹಳದಿಯಾಗಿತ್ತು. ನರಸಿಂಹರಾಜಪುರದ ಕಡೆಯ ನಾಟಿ ವೈದ್ಯರೊಬ್ಬರ ಹತ್ತಿರ ಕರೆದುಕೊಂಡು ಹೋದೆವು. ಅವರು ನೆಲನೆಲ್ಲಿ ಅರೆದು ಹಾಲಿನಲ್ಲಿ ಕದಡಿ ಮೂರು ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಟ್ಟರು. ಉಪ್ಪು, ಎಣ್ಣೆ ಬಿಡಿಸಿ ಪಥ್ಯ ಹೇಳಿದರು. ಮೂರು ವಾರದೊಳಗೆ ಪೂರ್ತಿ ಗುಣವಾದ. ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಇದೇ ಪದ್ಧತಿ. ಮೊನ್ನೆ ಶಿವಮೊಗ್ಗದಲ್ಲಿ ಡಾಕ್ಟರೊಬ್ಬರು ‘ಅದಕ್ಕೆ ಪುರಾವೆ ಇಲ್ಲ’ ಎಂದರು. ಕಣ್ಣೆದುರಿಗೇ ಗುಣವಾದದ್ದು ಪುರಾವೆ ಅಲ್ಲವೇ? ನೆಲನೆಲ್ಲಿಯ ಮೇಲೆ ಯಾರೂ ಸಂಶೋಧನೆಯನ್ನೇ ಮಾಡಿಲ್ಲವೇ? ಅಮೃತಬಳ್ಳಿ ಕಷಾಯದಿಂದ ಲಿವರ್ ಕೆಡುತ್ತದೆ ಎಂದೂ ಈಗ ಕೇಳಿಬರುತ್ತಿದೆ. ಯಾವುದನ್ನು ನಂಬುವುದು?

ಉತ್ತರ: ಕಾಮಾಲೆಗೆ ನೆಲನೆಲ್ಲಿ ಎಂಬುದು ಮಲೆನಾಡಿನ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೂ ನಿಮ್ಮ ಹಾಗೆ ಬಿಡಿಸಿ ಕೇಳುವವರು ಕಡಿಮೆ. ನಂಬಿದವರಿಗೆ ಕೇಳುವ ಅಗತ್ಯವೇ ಕಾಣುವುದಿಲ್ಲ, ನಂಬದವರು ನಕ್ಕು ಸುಮ್ಮನಾಗುತ್ತಾರೆ. ನಿಮ್ಮ ಸಂಶಯವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ತಮ್ಮ ಔಷಧ ಕುಡಿದದ್ದು ನಿಜ, ಗುಣವಾದದ್ದೂ ನಿಜ, ಇದರ ಮೇಲೆ ಡಾಕ್ಟರು ಇನ್ನೇನು ಪುರಾವೆ ಕೇಳುತ್ತಾರೆ? ಇದು ಮೊಂಡು ಪ್ರಶ್ನೆಯಲ್ಲ. ಇದಕ್ಕೆ ಸರಿಯಾದ ಉತ್ತರ ಕಂಡುಕೊಳ್ಳಲು ವೈದ್ಯಶಾಸ್ತ್ರಕ್ಕೂ ಬಹಳ ಕಾಲ ಹಿಡಿಯಿತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೆಲನೆಲ್ಲಿಯ ಮೇಲೆ ಸಂಶೋಧನೆ ಆಗಿದೆ. ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿಯೊಬ್ಬರೇ ಅದರಲ್ಲಿ ತೊಡಗಿದ್ದರು. ಆ ಕಥೆ ಸ್ವಾರಸ್ಯವಾಗಿದೆ. ಆದರೆ ಅದು ಅರ್ಥವಾಗಬೇಕಾದರೆ ಕಾಮಾಲೆ ಎಂದರೇನು ಎಂಬಲ್ಲಿಂದ ಹೊರಡಬೇಕು.

ನಮ್ಮ ರಕ್ತದ ಕೆಂಪುಕಣಗಳು ಸುಮಾರು 120 ದಿನ ಬದುಕಿ ಸಾಯುತ್ತವೆ. ಅವು ಒಡೆದಾಗ ಬಿಲಿರುಬಿನ್ ಎಂಬ ಹಳದಿ ಪದಾರ್ಥ ಉಳಿಯುತ್ತದೆ. ಲಿವರ್ ಅದನ್ನು ಹಿಡಿದು, ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತರಸದ ಜೊತೆ ಕರುಳಿಗೆ ಸಾಗಿಸುತ್ತದೆ. ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ಆರೋಗ್ಯವಂತರಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ ಬಿಲಿರುಬಿನ್ ಹೆಚ್ಚೆಂದರೆ ಒಂದು ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಎರಡೂವರೆ, ಮೂರಕ್ಕೆ ಏರಿದರೆ ಕಣ್ಣಿನ ಬಿಳಿಭಾಗದಲ್ಲಿ ಹಳದಿ ಕಾಣತೊಡಗುತ್ತದೆ. ಅಂದರೆ ಕಾಮಾಲೆ ಒಂದು ರೋಗವಲ್ಲ, ರೋಗದ ಲಕ್ಷಣ. ಕೆಂಪುಕಣಗಳು ವಿಪರೀತ ಒಡೆದರೂ ಕಾಮಾಲೆ. ಲಿವರಿಗೆ ಸೋಂಕು ತಗುಲಿದರೂ ಕಾಮಾಲೆ. ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಅಡ್ಡ ನಿಂತರೂ ಕಾಮಾಲೆ. ಕಣ್ಣು ನೋಡಿ ಇವುಗಳಲ್ಲಿ ಯಾವುದು ಎಂದು ಹೇಳಲು ಬಹಳ ಪಳಗಿದ ಡಾಕ್ಟರಿಗೂ ಆಗುವುದಿಲ್ಲ. ರಕ್ತ ಪರೀಕ್ಷೆ ಕೇಳುವುದು ಈ ಕಾರಣಕ್ಕೆ.

ಮಳೆಗಾಲದಲ್ಲಿ ಹಳ್ಳಿಯ ಹುಡುಗರಿಗೆ, ಯುವಕರಿಗೆ ಬರುವ ಕಾಮಾಲೆಯಲ್ಲಿ ದೊಡ್ಡ ಪಾಲು ಹೆಪಟೈಟಿಸ್ ಎ ಅಥವಾ ಇ ವೈರಸ್ಸಿನದು. ಎರಡೂ ರೋಗಿಯ ಮಲದಿಂದ ನೀರು, ಆಹಾರಕ್ಕೆ ಸೇರಿ ಇನ್ನೊಬ್ಬರ ಬಾಯಿಗೆ ಹೋಗುತ್ತವೆ. ಗುಡ್ಡದ ಅಬ್ಬಿಯಿಂದ ಪೈಪು ಎಳೆದು ತಂದ ನೀರು ಕನ್ನಡಿಯಂತೆ ತಿಳಿಯಾಗಿರಬಹುದು. ಮೇಲೆ ಎಲ್ಲೋ ಕೊಳೆ ಸೇರಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ. ಕುದಿಸಿದರೆ ವೈರಸ್ ಸಾಯುತ್ತದೆ. ಸೋಂಕು ತಗುಲಿದ ಕೆಲವು ವಾರಗಳ ಮೇಲೆ ಜ್ವರ, ವಾಕರಿಕೆ, ಊಟ ಕಂಡರಾಗದ ಸ್ಥಿತಿ. ಆಮೇಲೆ ಮೂತ್ರ ಗಾಢವಾಗಿ ಕಣ್ಣು ಹಳದಿಯಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕಣ್ಣು ಹಳದಿಯಾಗುವ ಹೊತ್ತಿಗೆ ವೈರಸ್ಸಿನ ವಿರುದ್ಧ ದೇಹದ ಹೋರಾಟ ಬಹಳ ಮುಂದೆ ಹೋಗಿರುತ್ತದೆ. ಹೆಪಟೈಟಿಸ್ ಎ ಮತ್ತು ಇ ಎರಡರಲ್ಲೂ ನೂರಕ್ಕೆ ತೊಂಬತ್ತೊಂಬತ್ತರಷ್ಟು ಜನ ಯಾವ ವಿಶೇಷ ಔಷಧವೂ ಇಲ್ಲದೆ ಕೆಲವು ವಾರಗಳಲ್ಲಿ, ತಡವಾದರೆ ಒಂದೆರಡು ತಿಂಗಳಲ್ಲಿ ಗುಣವಾಗುತ್ತಾರೆ. 1955ರ ಕೊನೆಯಲ್ಲಿ ದೆಹಲಿಯ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು 29 ಸಾವಿರ ಮಂದಿಗೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಅದಕ್ಕೆ ಹೆಸರೂ ಇರಲಿಲ್ಲ, ಔಷಧವೂ ಇರಲಿಲ್ಲ. ಆದರೂ ಬಹುಪಾಲು ಜನ ತಾವಾಗಿಯೇ ಚೇತರಿಸಿಕೊಂಡರು. ಇದಕ್ಕೆ ದೊಡ್ಡ ಅಪವಾದ ಗರ್ಭಿಣಿಯರು, ಅವರಲ್ಲಿ ಸಾವು ಹೆಚ್ಚು.

ಈಗ ನಿಮ್ಮ ತಮ್ಮನ ವಿಷಯಕ್ಕೆ ಬನ್ನಿ. ನಾಟಿ ವೈದ್ಯರ ಹತ್ತಿರ ಯಾರೂ ಕಾಮಾಲೆಯ ಮೊದಲ ದಿನ ಹೋಗುವುದಿಲ್ಲ. ಹಳದಿ ಚೆನ್ನಾಗಿ ಏರಿದ ಮೇಲೆ, ಮನೆಯವರಿಗೆ ಗಾಬರಿಯಾದ ಮೇಲೆ ಹೋಗುತ್ತಾರೆ. ಕಾಯಿಲೆ ತುತ್ತತುದಿಗೆ ಮುಟ್ಟಿ ಇಳಿಯಲು ಶುರುವಾಗುವುದೂ ಸರಿಸುಮಾರು ಆಗಲೇ. ಆ ಹೊತ್ತಿಗೆ ಏನು ಕೊಟ್ಟರೂ ಅದರಿಂದಲೇ ಇಳಿಯಿತು ಎನ್ನಿಸುತ್ತದೆ. ಕಬ್ಬಿನ ಹಾಲು ಕೊಟ್ಟವರಿಗೆ ಕಬ್ಬಿನ ಹಾಲಿನಿಂದ, ಗ್ಲೂಕೋಸ್ ಬಾಟಲಿ ಹಾಕಿದ ಆಸ್ಪತ್ರೆಗೆ ಆ ಬಾಟಲಿಯಿಂದ. ಆಸ್ಪತ್ರೆಗಳನ್ನು ಬೇಕೆಂದೇ ಸೇರಿಸಿದ್ದೇನೆ. ಕಾಮಾಲೆಗೆ ‘ಲಿವರ್ ಟಾನಿಕ್’ ಎಂದು ಬಾಟಲಿಗಟ್ಟಲೆ ಬರೆದುಕೊಡುವ ಇಂಗ್ಲಿಷ್ ಔಷಧದ ಡಾಕ್ಟರು ನಾಟಿ ವೈದ್ಯರಿಗಿಂತ ಹೆಚ್ಚು ವೈಜ್ಞಾನಿಕವಾಗಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ.

ಅಡಿಕೆ ತೋಟದವರಿಗೆ ಇದನ್ನು ವಿವರಿಸುವುದು ಸುಲಭ. 1910ರ ಸುಮಾರಿಗೆ ಮೈಸೂರು ಸರ್ಕಾರದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ನೀವು ಈ ವರ್ಷ ಹೊಸದೊಂದು ಔಷಧ ಹೊಡೆದಿರಿ, ಅದಾದ ವಾರಕ್ಕೆ ಮಳೆ ಬಿಟ್ಟು ಬಿಸಿಲು ಬಂತು, ಕೊಳೆ ನಿಂತಿತು ಎಂದುಕೊಳ್ಳಿ. ನಿಲ್ಲಿಸಿದ್ದು ಔಷಧವೋ ಬಿಸಿಲೋ? ತೋಟಕ್ಕೆಲ್ಲ ಹೊಡೆದಿದ್ದರೆ ಎಂದೂ ತಿಳಿಯುವುದಿಲ್ಲ. ನಾಲ್ಕು ಸಾಲು ಹೊಡೆಯದೆ ಬಿಟ್ಟಿದ್ದರೆ, ಅಲ್ಲಿ ಕೊಳೆ ಮುಂದುವರಿದು ಹೊಡೆದ ಸಾಲುಗಳಲ್ಲಿ ನಿಂತಿದ್ದರೆ, ಆಗ ಅದು ಔಷಧದ ಗುಣ. ಡಾಕ್ಟರು ಪುರಾವೆ ಎಂದದ್ದು ಆ ಬಿಟ್ಟ ಸಾಲನ್ನು. ನಿಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕಾಮಾಲೆಯಾದವರಿಗೆಲ್ಲ ನೆಲನೆಲ್ಲಿ ಕೊಟ್ಟಿದ್ದೀರಿ. ಕೊಡದೆ ಬಿಟ್ಟವರು ಯಾರೂ ಇಲ್ಲ. ಹಾಗಾಗಿ ಹೋಲಿಸಿ ನೋಡಲು ನಿಮ್ಮ ಹತ್ತಿರ ಏನೂ ಇಲ್ಲ. ತಮ್ಮ ಗುಣವಾದದ್ದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ನೆಲನೆಲ್ಲಿಯಿಂದ ಗುಣವಾದನೇ ಎಂಬುದಷ್ಟೇ ಪ್ರಶ್ನೆ.

ಈ ಹೋಲಿಕೆಯನ್ನು ಕ್ರಮವಾಗಿ ಮಾಡುವುದಕ್ಕೆ ಕ್ಲಿನಿಕಲ್ ಟ್ರಯಲ್ ಎನ್ನುತ್ತಾರೆ. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಒಳಗೆ ಔಷಧವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಯದು, ಪರೀಕ್ಷಿಸುವ ಡಾಕ್ಟರಿಗೂ ತಿಳಿಯದು.

ನೆಲನೆಲ್ಲಿಗೆ ಈ ಭಾಗ್ಯ ಸಿಕ್ಕಿದ್ದು ಬರೂಕ್ ಬ್ಲಂಬರ್ಗ್ ಅವರಿಂದ. ಹೆಪಟೈಟಿಸ್ ಬಿ ವೈರಸ್ಸಿನ ಸುಳಿವನ್ನು ಮೊದಲು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಅಮೆರಿಕದ ವೈದ್ಯರು ಅವರು. ಭಾರತದಲ್ಲಿ ಕಾಮಾಲೆಗೆ ಕೊಡುವ ಗಿಡವೊಂದು ಇದೆ ಎಂಬ ವಿಷಯವನ್ನು ಅವರು ತಳ್ಳಿಹಾಕಲಿಲ್ಲ. 1987ರಲ್ಲಿ ಅವರೂ ಪಿ.ಎಸ್. ವೆಂಕಟೇಶ್ವರನ್ ಮತ್ತಿತರರೂ ಫಿಲಡೆಲ್ಫಿಯಾದ ಪ್ರಯೋಗಾಲಯದಲ್ಲಿ ನೆಲನೆಲ್ಲಿಯ ಸಾರ ಹೆಪಟೈಟಿಸ್ ಬಿ ವೈರಸ್ಸಿನ ಒಂದು ಮುಖ್ಯ ಕಿಣ್ವವನ್ನು ತಡೆಯುತ್ತದೆ ಎಂದು ತೋರಿಸಿದರು. ಇದೇ ಬಗೆಯ ವೈರಸ್ ತಗುಲುವ ವುಡ್‌ಚಕ್ ಎಂಬ ಅಮೆರಿಕದ ದಂಶಕ ಪ್ರಾಣಿಯ ಮೇಲೂ ಪ್ರಯೋಗ ಮಾಡಿದರು. ಮರುವರ್ಷವೇ ಮನುಷ್ಯರ ಸರದಿ. ಮದ್ರಾಸಿನಲ್ಲಿ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು, ಬ್ಲಂಬರ್ಗ್ ಅವರೂ ಸೇರಿ ಮಾಡಿದ ಪ್ರಯೋಗ 1988ರ ಅಕ್ಟೋಬರಿನಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಪಟೈಟಿಸ್ ಬಿ ವೈರಸ್ಸನ್ನು ಮೈಯಲ್ಲಿ ಹೊತ್ತು ತಿರುಗುವವರಿಗೆ 30 ದಿನ ನೆಲನೆಲ್ಲಿಯ ಪುಡಿ ಕೊಟ್ಟಿದ್ದರು. ಔಷಧ ಪಡೆದ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಹೊರಕವಚದ ಗುರುತು ಮಾಯವಾಗಿತ್ತು. ಹುಸಿಮಾತ್ರೆ ಪಡೆದ 23 ಜನರಲ್ಲಿ ಮಾಯವಾದದ್ದು ಒಬ್ಬರಲ್ಲಿ ಮಾತ್ರ.

ಇದು ಎಂಥ ಫಲಿತಾಂಶ ಎಂದು ತಿಳಿಯಲು ಇಂದಿನ ಒಂದು ಅಂಕಿ ಹೇಳುತ್ತೇನೆ. ಆ ಗುರುತನ್ನು ರಕ್ತದಿಂದ ತೊಡೆದುಹಾಕುವುದು ಹೆಪಟೈಟಿಸ್ ಬಿ ಸಂಶೋಧಕರ ಇಂದಿನ ದೊಡ್ಡ ಗುರಿ. ಬೆಪಿರೊವಿರ್ಸೆನ್ ಎಂಬ ಹೊಸ ಚುಚ್ಚುಮದ್ದನ್ನು ವಾರಕ್ಕೊಮ್ಮೆಯಂತೆ 24 ವಾರ ಕೊಟ್ಟ ಪ್ರಯೋಗವೊಂದು 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ಗುರುತು ಮಾಯವಾಗಿ, ಔಷಧ ನಿಲ್ಲಿಸಿದ ಮೇಲೂ ಮರಳದೆ ಉಳಿದದ್ದು ನೂರರಲ್ಲಿ ಒಂಬತ್ತು ಹತ್ತು ಮಂದಿಗೆ. ಅಷ್ಟಕ್ಕೇ ತಜ್ಞರು ಆಸೆಗಣ್ಣಿನಿಂದ ನೋಡಿದರು. ನೆಲನೆಲ್ಲಿಯದು ಒಂದೇ ತಿಂಗಳಲ್ಲಿ ನೂರಕ್ಕೆ 59! ಹಾಗೇ ನಿಂತಿದ್ದರೆ ಅದು ಶತಮಾನದ ಔಷಧವಾಗುತ್ತಿತ್ತು.

ನಿಲ್ಲಲಿಲ್ಲ. ಲೇಖಕರೇ ಅದನ್ನು ಪ್ರಾಥಮಿಕ ಅಧ್ಯಯನ ಎಂದು ಕರೆದಿದ್ದರು. ಜನ ಕಡಿಮೆ, ಕಾಲ ಕಡಿಮೆ. ಬೇರೆಯವರು ಮಾಡಿ ನೋಡಿದರು. ಥಾಯ್ಲೆಂಡಿನ ವೈದ್ಯರು 1990ರಲ್ಲಿ ಅದೇ ‘ಲ್ಯಾನ್ಸೆಟ್’ನಲ್ಲಿ, ತಮ್ಮಲ್ಲಿ ಈ ಗಿಡದಿಂದ ವೈರಸ್ ಹೋಗಲಿಲ್ಲ ಎಂದು ಬರೆದರು. ನ್ಯೂಜಿಲೆಂಡಿನಿಂದ 1994ರಲ್ಲಿ ಬಂದ ವರದಿಯೂ ಅದನ್ನೇ ಹೇಳಿತು. ಗಿಡದ ಜಾತಿ ಬೇರೆಯಿರಬಹುದು, ಬೆಳೆದ ಮಣ್ಣು, ಕಿತ್ತ ಕಾಲ ಬೇರೆಯಿರಬಹುದು ಎಂಬ ಸಮಾಧಾನಗಳು ಬಂದವು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ: ನೆಲನೆಲ್ಲಿ ಎಂದು ನಾವು ಕೀಳುವ ಗಿಡಗಳಲ್ಲಿ ಒಂದನ್ನೊಂದು ಹೋಲುವ ನಾಲ್ಕಾರು ಜಾತಿಗಳಿವೆ. ಆದರೆ ಸಮಾಧಾನ ಹೇಳಿದ ಮಾತ್ರಕ್ಕೆ ಔಷಧ ಕೆಲಸ ಮಾಡಿದಂತಾಗುವುದಿಲ್ಲ. 2011ರಲ್ಲಿ ಕೊಕ್ರೇನ್ ಸಂಸ್ಥೆಯವರು ಅಲ್ಲಿಯವರೆಗಿನ 16 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೆಚ್ಚಿನವು ಸರಿಯಾಗಿ ನಡೆಸಿದವಾಗಿರಲಿಲ್ಲ. ಹುಸಿಮಾತ್ರೆಗಿಂತ ಈ ಗಿಡ ಮೇಲು ಎನ್ನಲು ನಂಬುವಂಥ ಆಧಾರ ಅವರಿಗೆ ಸಿಗಲಿಲ್ಲ.

ಇವೆಲ್ಲ ಹೆಪಟೈಟಿಸ್ ಬಿ ಮಾತಾಯಿತು, ನಮ್ಮ ಮಳೆಗಾಲದ ಕಾಮಾಲೆಯ ಕಥೆ ಏನು ಎಂದು ನೀವು ಕೇಳಬಹುದು. ಅದನ್ನೂ ನೋಡಿದ್ದಾರೆ. ತಿರುವನಂತಪುರದ ಎಂ. ನರೇಂದ್ರನಾಥನ್ ಮತ್ತು ಸಂಗಡಿಗರು ತಾಜಾ ವೈರಲ್ ಕಾಮಾಲೆಯ ರೋಗಿಗಳಿಗೇ ನೆಲನೆಲ್ಲಿಯ ಪುಡಿ ಕೊಟ್ಟು, ಹುಸಿಮಾತ್ರೆಯವರೊಡನೆ ಹೋಲಿಸಿ 1999ರಲ್ಲಿ ವರದಿ ಪ್ರಕಟಿಸಿದರು. ಕಾಮಾಲೆ ಇಳಿಯಲು ಹಿಡಿದ ದಿನಗಳಲ್ಲಿ ಗಣನೆಗೆ ಬರುವಂಥ ವ್ಯತ್ಯಾಸ ಇರಲಿಲ್ಲ. ಎರಡೂ ಗುಂಪಿನವರು ಗುಣವಾದರು.

ಹಾಗಾದರೆ ನೆಲನೆಲ್ಲಿ ಕೆಟ್ಟದ್ದೇ? ಅಲ್ಲ. ಈ ಪ್ರಯೋಗಗಳಲ್ಲಿ ಅದರಿಂದ ಗಂಭೀರ ತೊಂದರೆ ಕಂಡುಬರಲಿಲ್ಲ. ಉಪಯೋಗವಾಗುತ್ತದೆ ಎಂದು ತೋರಿಸಲಾಗಿಲ್ಲ ಎನ್ನುವುದಕ್ಕೂ ಅಪಾಯ ಎನ್ನುವುದಕ್ಕೂ ಬಹಳ ಅಂತರವಿದೆ. ನಿಮ್ಮ ಡಾಕ್ಟರು ಹೇಳಿದ್ದು ಮೊದಲನೆಯದನ್ನು. ನೆಲನೆಲ್ಲಿಯ ಜೊತೆ ಇನ್ನೇನೇನು ಸೇರಿಸಿ ಅರೆದಿದ್ದಾರೆ ಎಂಬುದು ಬೇರೆ ಪ್ರಶ್ನೆ. ಅದನ್ನು ಕೇಳುವ ಹಕ್ಕು ನಿಮಗಿದೆ. ಕಾಮಾಲೆಗೆ ಬರೆ ಹಾಕುವುದು, ಮೂಗಿಗೆ ರಸ ಹಿಂಡುವುದು ಇವನ್ನಂತೂ ಒಪ್ಪಬೇಡಿ.

ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಹಳದಿ ಹೋಯಿತು ಎಂದರೆ ವೈರಸ್ ಹೋಯಿತು ಎಂದುಕೊಳ್ಳುತ್ತಾರೆ. ಹೆಪಟೈಟಿಸ್ ಎ ಮತ್ತು ಇ ವಿಷಯದಲ್ಲಿ ಹೆಚ್ಚುಕಡಿಮೆ ಹಾಗೆಯೇ. ಹೆಪಟೈಟಿಸ್ ಬಿ ಹಾಗಲ್ಲ. ಅದು ನೀರಿನಿಂದ ಬರುವುದಿಲ್ಲ. ರಕ್ತದಿಂದ, ಶುಚಿ ಮಾಡದ ಸೂಜಿಯಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಅದನ್ನು ಗೆಲ್ಲುತ್ತಾರೆ. ಉಳಿದವರಲ್ಲಿ ಕಣ್ಣು ಬೆಳ್ಳಗಾಗುತ್ತದೆ, ಊಟ ಸೇರುತ್ತದೆ, ಕೆಲಸಕ್ಕೂ ಹೋಗುತ್ತಾರೆ. ವೈರಸ್ ಮಾತ್ರ ಲಿವರಿನಲ್ಲಿ ಉಳಿದಿರುತ್ತದೆ. ಹುಟ್ಟುವಾಗ ತಗುಲಿದ ಮಕ್ಕಳಲ್ಲಿ ಲೆಕ್ಕ ತಿರುಗುಮುರುಗು: ನೂರರಲ್ಲಿ ತೊಂಬತ್ತು ಮಂದಿಯಲ್ಲಿ ಅದು ಉಳಿದುಬಿಡುತ್ತದೆ, ಕಾಮಾಲೆಯೇ ಕಾಣದೆ. ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಲಿವರ್ ಗಟ್ಟಿಯಾಗುವ ಸಿರೋಸಿಸ್ ಆಗಿಯೋ ಕ್ಯಾನ್ಸರ್ ಆಗಿಯೋ ತಲೆಯೆತ್ತಬಹುದು. ನಾಟಿ ಔಷಧದ ನಿಜವಾದ ತೊಂದರೆ ನನಗೆ ಕಾಣುವುದು ಇಲ್ಲಿ. ಗಿಡ ವಿಷವಲ್ಲ, ‘ಗುಣವಾಯಿತು’ ಎಂದು ಕಡತ ಮುಚ್ಚಿಬಿಡುತ್ತದೆ.

ಇನ್ನು ಅಮೃತಬಳ್ಳಿ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ದೇಶದ ತುಂಬ ಜನ ಇದರ ಕಷಾಯ, ಮಾತ್ರೆ ಸೇವಿಸಿದರು. ಮುಂಬೈಯ ಲಿವರ್ ತಜ್ಞೆ ಆಭಾ ನಾಗ್ರಾಲ್ ಮತ್ತು ಸಹೋದ್ಯೋಗಿಗಳು, ಹೀಗೆ ಸೇವಿಸಿದ ಮೇಲೆ ಲಿವರಿಗೆ ಪೆಟ್ಟಾದ ಆರು ರೋಗಿಗಳ ವಿವರವನ್ನು 2021ರಲ್ಲಿ ಪ್ರಕಟಿಸಿದರು. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಒಟ್ಟಾಗಿ ಇಂಥ 43 ರೋಗಿಗಳ ಬಗ್ಗೆ ಬರೆದರು. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಲಿವರಿನ ಮೇಲೆ ತಿರುಗಿಬಿದ್ದಂಥ ಚಿತ್ರ ಹಲವರಲ್ಲಿ ಇತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೆ ಜಾತಿಯ ಬಳ್ಳಿ ಸೇವಿಸಿರಬಹುದು, ಗಿಡವನ್ನು ಸರಿಯಾಗಿ ಗುರುತಿಸಿಲ್ಲ ಎಂದು ಅದು ಆಕ್ಷೇಪಿಸಿತು.

ನೀವು ಗಮನವಿಟ್ಟು ಓದುವವರು, ಆದ್ದರಿಂದ ಇಲ್ಲೊಂದು ಮರುಪ್ರಶ್ನೆ ಕೇಳುತ್ತೀರಿ: ಈ 43 ಜನರ ವರದಿಯಲ್ಲಿ ಹೋಲಿಸಲು ಇನ್ನೊಂದು ಗುಂಪು ಎಲ್ಲಿದೆ? ಇಲ್ಲ. ನೆಲನೆಲ್ಲಿಗೆ ಒಂದು ನ್ಯಾಯ, ಅಮೃತಬಳ್ಳಿಗೆ ಇನ್ನೊಂದೇ? ಆಕ್ಷೇಪಣೆ ಸರಿಯಾದದ್ದು. ಆ ವರದಿಗಳಿಂದ, ಸೇವಿಸಿದವರಲ್ಲಿ ಎಷ್ಟು ಜನರಿಗೆ ಹೀಗಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಅಷ್ಟೊಂದು ಜನ ಸೇವಿಸಿದ್ದನ್ನು ನೋಡಿದರೆ ಇದು ಅಪರೂಪದ ತೊಂದರೆಯೇ ಇರಬೇಕು. ಆದರೆ ತಾನಾಗಿ ಇಳಿಯುವ ಕಾಯಿಲೆ ಇಳಿದದ್ದಕ್ಕೂ, ಬಳ್ಳಿ ಸೇವಿಸಿದವರ ಲಿವರ್ ಇದ್ದಕ್ಕಿದ್ದಂತೆ ಊದಿಕೊಂಡದ್ದಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ಯಾರೂ ಏನೂ ಮಾಡದಿದ್ದರೂ ಆಗುತ್ತಿತ್ತು. ಎರಡನೆಯದಕ್ಕೆ ಕಾರಣ ಹುಡುಕಲೇಬೇಕು. ವೈರಸ್, ಮದ್ಯ, ಬೇರೆ ಔಷಧ ಎಂದು ಒಂದೊಂದನ್ನೇ ಪರೀಕ್ಷಿಸಿ ಬದಿಗಿಟ್ಟ ಮೇಲೆ ಉಳಿದದ್ದು ಬಳ್ಳಿ. ಅದನ್ನು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಇದರಿಂದ ಬಲವಾದ ಅನುಮಾನ ಹುಟ್ಟುತ್ತದೆ, ಎಚ್ಚರಿಕೆಗೆ ಅಷ್ಟು ಸಾಕು. ಬಳ್ಳಿ ಅದೋ ಇದೋ ಎಂಬ ಜಗಳ ವಿದ್ವಾಂಸರಿಗೆ ಮುಖ್ಯ. ಹಿತ್ತಲಿನಿಂದ ಕಿತ್ತು ಕುದಿಸುವವರಿಗೆ ಅದರಿಂದ ಸಮಾಧಾನ ಸಿಗಲಾರದು, ಅವರ ಬಳ್ಳಿಯನ್ನು ಪರೀಕ್ಷಿಸಿ ಕೊಡುವವರು ಯಾರು? ಥೈರಾಯ್ಡ್ ತೊಂದರೆ, ಸಂಧಿವಾತದಂಥ ರಕ್ಷಣಾ ವ್ಯವಸ್ಥೆ ಕೆರಳಿದ ಕಾಯಿಲೆ, ಮೊದಲೇ ಲಿವರ್ ತೊಂದರೆ ಇರುವವರು ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯದಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕಾಮಾಲೆ ಇರುವಾಗ ಯಾರಿಗೂ ಬೇಡ.

ಪಥ್ಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಇದರಲ್ಲಿ ನಮ್ಮ ಹಳೆಯ ಡಾಕ್ಟರುಗಳೂ ನಾಟಿ ವೈದ್ಯರೂ ಒಂದೇ ಪಕ್ಷ: ಉಪ್ಪಿಲ್ಲದ ಗಂಜಿ, ಮಜ್ಜಿಗೆ, ಎಣ್ಣೆ ತುಪ್ಪ ಮುಟ್ಟುವಂತಿಲ್ಲ, ಹಾಸಿಗೆ ಬಿಟ್ಟು ಏಳುವಂತಿಲ್ಲ. ಕೊರಿಯಾ ಯುದ್ಧದ ಕಾಲದಲ್ಲಿ ಕಾಮಾಲೆಯಾದ ಅಮೆರಿಕದ ಸೈನಿಕರನ್ನು ಜಪಾನಿನ ಕ್ಯೋಟೊ ನಗರದ ಸೇನಾ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಥಾಮಸ್ ಚಾಮರ್ಸ್ ಎಂಬ ವೈದ್ಯರು ಇದನ್ನೇ ಪರೀಕ್ಷಿಸಿದರು. ಕೆಲವರಿಗೆ ಕಟ್ಟುನಿಟ್ಟಿನ ವಿಶ್ರಾಂತಿ, ಕೆಲವರಿಗೆ ಬೇಕಾದಂತೆ ಓಡಾಟ. ಕೆಲವರಿಗೆ ಸಾಮಾನ್ಯ ಊಟ, ಕೆಲವರಿಗೆ ಹೆಚ್ಚು ಪ್ರೋಟೀನಿನ ಪುಷ್ಟಿಯಾದ ಊಟ. 1955ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಾಸಿಗೆ ಹಿಡಿಸಿದ್ದರಿಂದ ಲಾಭವಾಗಲಿಲ್ಲ. ಚೆನ್ನಾಗಿ ಉಂಡವರು ಬೇಗ ಚೇತರಿಸಿಕೊಂಡರು. ವಾಕರಿಕೆ ಇರುವಾಗ ಜಿಡ್ಡು ತಾನಾಗಿಯೇ ಸೇರುವುದಿಲ್ಲ, ಆಗ ಬೇಡ. ಹಸಿವು ಮರಳಿದ ಮೇಲೆ ಅನ್ನ, ಬೇಳೆ, ಹಾಲು, ಮೊಟ್ಟೆ, ಹಿತಮಿತವಾಗಿ ಎಣ್ಣೆ, ಉಪ್ಪು ಎಲ್ಲವೂ ಆಗಬಹುದು. ಮದ್ಯ ಮಾತ್ರ ಪೂರ್ತಿ ವರ್ಜ್ಯ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಮೇಲಿಂದ ಮೇಲೆ ನುಂಗುವುದೂ ಬೇಡ.

ಕೊನೆಯದಾಗಿ, ಯಾವ ಕಾಮಾಲೆಯಲ್ಲಿ ಮೂರು ದಿನ ಕಾಯುವಂತಿಲ್ಲ ಎಂಬುದು. ನಿಮ್ಮ ಕಡೆಗೆ ಇದು ತುಂಬ ಮುಖ್ಯ. ಗದ್ದೆಯಲ್ಲಿ, ತೋಟದ ಬಸಿಗಾಲುವೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿ ಜ್ವರ ಬರುತ್ತದೆ. ವಿಪರೀತ ಜ್ವರ, ಮೀನಖಂಡದಲ್ಲಿ ತಡೆಯಲಾರದ ನೋವು, ಕೆಂಪು ಕಣ್ಣು, ಅದರ ಹಿಂದೆಯೇ ಕಾಮಾಲೆ. ವೈರಲ್ ಕಾಮಾಲೆಯಲ್ಲಿ ಹಳದಿ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ಜ್ವರ ಇಳಿದಿರುತ್ತದೆ; ಇಲಿ ಜ್ವರದಲ್ಲಿ ಜ್ವರ, ಹಳದಿ ಎರಡೂ ಒಟ್ಟಿಗೆ ಇರುವುದುಂಟು, ಮೂತ್ರವೂ ಕಡಿಮೆಯಾಗುತ್ತದೆ. ಇದಕ್ಕೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಒಳ್ಳೆಯ ಔಷಧಗಳಿವೆ. ತಡವಾದರೆ ಕಿಡ್ನಿ ಕೈಕೊಡುತ್ತದೆ. ಕಾಮಾಲೆಯಾದವರು ಮಂಕಾದರೆ, ಹಗಲು ನಿದ್ದೆ ರಾತ್ರಿ ಎಚ್ಚರ ಎಂದಾದರೆ, ಅಸಂಬದ್ಧ ಮಾತಾಡಿದರೆ, ಒಸಡಿನಿಂದಲೋ ಮಲದಲ್ಲೋ ರಕ್ತ ಕಂಡರೆ ಲಿವರ್ ಸೋಲುತ್ತಿದೆ ಎಂದು ತಿಳಿದು ಆ ಗಂಟೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ಗರ್ಭಿಣಿಯ ಕಾಮಾಲೆ ಎಂದರೆ ಅದೇ ದಿನ ಆಸ್ಪತ್ರೆ. ಐವತ್ತು ದಾಟಿದವರಲ್ಲಿ ನೋವಿಲ್ಲದೆ ಹಳದಿ ಏರುತ್ತಾ, ಮೈ ತುರಿಸಿ, ಮಲ ಸುಣ್ಣದ ಬಣ್ಣಕ್ಕೆ ತಿರುಗಿದರೆ ಪಿತ್ತನಾಳ ಕಟ್ಟಿಕೊಂಡಿರುತ್ತದೆ, ಅದನ್ನು ಬಿಡಿಸುವ ಗಿಡ ಯಾವುದೂ ಇಲ್ಲ.

ನಾಟಿ ಔಷಧವೋ ಆಸ್ಪತ್ರೆಯೋ ಎಂದು ಆಣೆ ಹಾಕಿ ಆರಿಸಬೇಕಾಗಿಲ್ಲ. ಆಯುರ್ವೇದದಲ್ಲೇ ಚಿಕಿತ್ಸೆ ಬೇಕೆಂದರೂ ಓದಿ ಪದವಿ ಪಡೆದವರು ಬೇಕಾದಷ್ಟು ಜನ ಇದ್ದಾರೆ, ಕೊಪ್ಪದಲ್ಲೇ ಎ.ಎಲ್.ಎನ್. ರಾವ್ ಸ್ಮಾರಕ ಆಯುರ್ವೇದ ಕಾಲೇಜು ಇದೆ. ಯಾರ ಹತ್ತಿರ ಹೋದರೂ ಮೊದಲು ರಕ್ತ ಪರೀಕ್ಷೆಯಾಗಲಿ. ಮನೆಯಲ್ಲಿ ಏನು ಕುಡಿಸಿದ್ದೀರಿ ಎಂಬುದನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಬೈಸಿಕೊಂಡರೂ ಚಿಂತೆಯಿಲ್ಲ, ಗಿಡದ ಒಂದು ಎಳೆಯನ್ನು ಕಾಗದದಲ್ಲಿ ಸುತ್ತಿ ಜೊತೆಗೆ ತೆಗೆದುಕೊಂಡು ಹೋಗಿ.

ನಿಮ್ಮ ತಮ್ಮನಿಗೆ ಆಗ ಯಾವ ಪರೀಕ್ಷೆಯೂ ಆಗಿಲ್ಲವೆಂದು ನಿಮ್ಮ ಪತ್ರದಿಂದ ಕಾಣುತ್ತದೆ. ಈಗಲಾದರೂ ಹೆಪಟೈಟಿಸ್ ಬಿ ಇದೆಯೇ ಎಂದು ತಿಳಿಸುವ ‘ಎಚ್‌ಬಿಎಸ್‌ಎಜಿ’ ಎಂಬ ಒಂದು ರಕ್ತ ಪರೀಕ್ಷೆ ಮಾಡಿಸಿ. ಬೆರಳ ತುದಿಯ ಹನಿ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ತಿಳಿಯುವಂಥದ್ದೂ ಇದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧ ಉಚಿತ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಎಲ್ಲಿ ಮಾಡುತ್ತಾರೆ ಎಂದು ಹೇಳುತ್ತಾರೆ. ‘ಇಲ್ಲ’ ಎಂದು ಬಂದರೆ ಮೂರು ಡೋಸಿನ ಲಸಿಕೆ ಹಾಕಿಸಬಹುದು. ‘ಇದೆ’ ಎಂದು ಬಂದರೂ ಗಾಬರಿ ಬೇಡ. ಆರು ತಿಂಗಳಾದ ಮೇಲೂ ಉಳಿದಿದ್ದರೆ ಮಾತ್ರ ಅದು ದೀರ್ಘಕಾಲದ ಸೋಂಕು. ಅಂಥವರೆಲ್ಲರಿಗೂ ಔಷಧ ಬೇಕಾಗುವುದಿಲ್ಲ, ಬೇಕಾದವರಿಗೆ ದಿನಕ್ಕೊಂದು ಟೆನೊಫೊವಿರ್ ಮಾತ್ರೆ ವೈರಸ್ಸನ್ನು ಅಡಗಿಸಿಡುತ್ತದೆ. ಒಟ್ಟಿಗೆ ಉಣ್ಣುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ ಅದು ಹರಡುವುದಿಲ್ಲ, ಆದ್ದರಿಂದ ಅವನ ತಟ್ಟೆಯನ್ನು ಬೇರೆ ಇಡಬೇಡಿ. ಮನೆಯ ಉಳಿದವರೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ಲಸಿಕೆ ಹಾಕಿಸಿಕೊಳ್ಳಿ.